ಜವಳಿ ಅಂಗಡಿ ಬಿಟ್ಟ ಮೇಲೆ ಬರೆಯಲು ಕೂತದ್ದು

ನಮ್ಮ ಕಡೆಯ ವ್ಯಾಪಾರಸ್ಥರ ಜೀವನಚರಿತ್ರೆಗಳನ್ನು ನೀವೂ ನೋಡಿರುತ್ತೀರಿ. ಅರವತ್ತೋ ಎಪ್ಪತ್ತೈದೋ ತುಂಬಿದಾಗ ಕಲ್ಯಾಣ ಮಂಟಪದಲ್ಲಿ ಸಮಾರಂಭ ಮಾಡಿ ಬಿಡುಗಡೆ ಮಾಡುತ್ತಾರೆ. ನುಣುಪು ಕಾಗದ, ಬಣ್ಣದ ಫೋಟೊ, ಮೊದಲ ಇಪ್ಪತ್ತು ಪುಟ ಬರೀ ಆಶೀರ್ವಚನ ಮತ್ತು ಶುಭ ಹಾರೈಕೆ. ಒಳಗೆ ಹೋದರೆ ‘ಬಹಳ ಕಷ್ಟಪಟ್ಟು ಮೇಲೆ ಬಂದರು’ ಎಂದು ಇರುತ್ತದೆ. ಏನು ಕಷ್ಟ? ಸಾಲ ಯಾವ ಬಡ್ಡಿಗೆ ತಂದರು? ಯಾವ ಮಾಲು ತಂದು ಕೈ ಸುಟ್ಟುಕೊಂಡರು? ಅಣ್ಣತಮ್ಮಂದಿರು ಯಾಕೆ ಬೇರೆಯಾದರು? ಅದೊಂದೂ ಇರುವುದಿಲ್ಲ. ಇಂಥ ಪುಸ್ತಕಗಳು ನಮ್ಮ ಮನೆಯಲ್ಲಿ ಒಂದು ಕಪಾಟಿನ ತುಂಬ ಇವೆ. ನಾನು ಪೂರ್ತಿ ಓದಿದ್ದು ಒಂದೂ ಇಲ್ಲ.

ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ಅವನು “ಅಪ್ಪಾಜಿ, ನಿಮ್ಮದೂ ಒಂದು ಪುಸ್ತಕ ಮಾಡಿಸೋಣ, ಬರೆದುಕೊಡೋರು ಇದಾರೆ” ಎಂದ. ಬೇಡ ಅಂದೆ. ಬರೆಯುವುದಾದರೆ ನಾನೇ ಬರೆಯುತ್ತೇನೆ, ವ್ಯಾಪಾರದ ಬಗ್ಗೆಯೇ ಬರೆಯುತ್ತೇನೆ ಅಂದೆ. ಅದನ್ನು ಹೇಗೆ ಮಾಡಿದೆ ಅನ್ನುವುದನ್ನು ಹೇಳುತ್ತೇನೆ. ವ್ಯಾಪಾರ ಬಿಟ್ಟು ಮನೆಯಲ್ಲಿ ಕೂತವರು, ಬರೆಯುವ ಆಸೆ ಇದ್ದೂ ಎಲ್ಲಿಂದ ಶುರು ಮಾಡಬೇಕು ಎಂದು ತಿಳಿಯದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅವರಿಗೆ ಉಪಯೋಗವಾಗಬಹುದು.

ನಮ್ಮದು ದಾವಣಗೆರೆಯ ಚೌಕಿಪೇಟೆಯಲ್ಲಿ ಜವಳಿ ಅಂಗಡಿ. ಅಪ್ಪ ಶುರು ಮಾಡಿದ್ದು. ಬಿ.ಕಾಂ. ಮುಗಿಸಿ ನಾನು ಗಲ್ಲಾದ ಮೇಲೆ ಕೂತೆ, ತಮ್ಮ ಖರೀದಿ ನೋಡಿಕೊಂಡ. ಓದುವ ಹುಚ್ಚು ಮೊದಲಿನಿಂದಲೂ ಇತ್ತು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಸುಧಾ, ಮಯೂರ ತೆಗೆದುಕೊಂಡು ಕೂರುತ್ತಿದ್ದೆ. ಅಪ್ಪ ಕಂಡರೂ ಕಾಣದ ಹಾಗೆ ಇರುತ್ತಿದ್ದರು. 1992ರಲ್ಲಿ ನಮ್ಮೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಜಿ.ಎಸ್. ಶಿವರುದ್ರಪ್ಪನವರು ಅಧ್ಯಕ್ಷರು. ಊರಿಗೆ ಜನ ಬಂದಿದ್ದಾರೆ, ವ್ಯಾಪಾರದ ದಿನ, ಆದರೂ ಅಂಗಡಿಯಿಂದ ತಪ್ಪಿಸಿಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತು ಭಾಷಣ ಕೇಳಿದೆ. ಬರೆಯಬೇಕು ಅನ್ನುವುದು ಆಗ ಗಟ್ಟಿಯಾಯಿತು. ಆದರೆ ಏನು ಬರೆಯುವುದು? ಕವಿತೆ ನನಗೆ ಬರುವುದಿಲ್ಲ. ಕಥೆ ಕಟ್ಟುವ ಜಾಣತನ ಇಲ್ಲ. ಗೊತ್ತಿರುವುದು ಬಟ್ಟೆ ಮತ್ತು ಲೆಕ್ಕ.

ಕೊನೆಗೆ ಲೆಕ್ಕವೇ ದಾರಿ ತೋರಿಸಿತು. ಅಪ್ಪನ ಕಾಲದ ಕೀರ್ದಿ ಪುಸ್ತಕಗಳು ಅಟ್ಟದ ಮೇಲೆ ಗಂಟು ಕಟ್ಟಿ ಇಟ್ಟಿದ್ದವು. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆ. ಒಂದಷ್ಟು ಗೆದ್ದಲು ತಿಂದಿತ್ತು, ಒಂದಷ್ಟು ಇಲಿ ತಿಂದಿತ್ತು, ಉಳಿದದ್ದು ಓದಲು ಬರುವ ಹಾಗಿತ್ತು. ಹೊಸ ತಲೆಮಾರಿನವರು ಕೀರ್ದಿ ನೋಡಿರಲಿಕ್ಕಿಲ್ಲ. ಪುಟದ ತಲೆಗೆ ಶ್ರೀಕಾರ. ಒಂದು ಕಡೆ ಜಮಾ, ಇನ್ನೊಂದು ಕಡೆ ಖರ್ಚು. ಬೆಳಿಗ್ಗೆ ನಿನ್ನೆಯ ಶಿಲ್ಕು, ಅಂದರೆ ಕೈಯಲ್ಲಿ ಉಳಿದ ಹಣ, ಮೇಲೆ ಬರೆದು ಶುರು ಮಾಡಬೇಕು, ರಾತ್ರಿ ಗಲ್ಲಾದ ಹಣ ಎಣಿಸಿ ಆಖೈರು ಶಿಲ್ಕು ತೆಗೆಯಬೇಕು. ಪುಸ್ತಕದ ಶಿಲ್ಕಿಗೂ ಪೆಟ್ಟಿಗೆಯ ಹಣಕ್ಕೂ ತಾಳೆಯಾಗುವವರೆಗೆ ಅಪ್ಪ ಊಟಕ್ಕೆ ಏಳುತ್ತಿರಲಿಲ್ಲ. ನಾಲ್ಕಾಣೆ ವ್ಯತ್ಯಾಸ ಬಂದರೂ ಗುಮಾಸ್ತರು, ನಾನು, ತಮ್ಮ ಎಲ್ಲರೂ ಕೂತು ನೆನಪು ಮಾಡಿಕೊಳ್ಳಬೇಕು.

ನಾನು ಮಾಡಿದ್ದು ಇಷ್ಟೇ. ಬೆಳಿಗ್ಗೆ ಪೂಜೆ, ತಿಂಡಿ ಮುಗಿದ ಮೇಲೆ ಒಂದು ಕೀರ್ದಿ ತೆಗೆದು ಕೈಗೆ ಬಂದ ಪುಟ ಬಿಚ್ಚುವುದು. ಆ ಪುಟದಲ್ಲಿ ಒಂದೇ ಒಂದು ಸಾಲು ಆರಿಸುವುದು. ಆ ಸಾಲಿನ ಹಿಂದೆ ಏನು ನಡೆದಿತ್ತು ಅನ್ನುವುದನ್ನು ನೆನಪಿರುವಷ್ಟು ಬರೆಯುವುದು. ನೆನಪು ಬರದಿದ್ದರೆ ಮುಂದಿನ ಸಾಲು. ಬಾಲ್ಯ, ಶಿಕ್ಷಣ, ಮದುವೆ, ಸಾಧನೆ ಎಂದು ಅಧ್ಯಾಯ ಮಾಡಿಕೊಂಡು ಕೂತಿದ್ದರೆ ನಾನೂ ಆ ಕಪಾಟಿನ ಪುಸ್ತಕವನ್ನೇ ಬರೆಯುತ್ತಿದ್ದೆ. ಕೀರ್ದಿಯ ಸಾಲಿಗೆ ದೊಡ್ಡ ಮಾತು ಗೊತ್ತಿಲ್ಲ. ‘ಹಮಾಲಿ’, ‘ಚಹಾ’, ‘ಟ್ರಂಕ್ ಕಾಲ್’, ‘ದೇವರ ಖರ್ಚು’, ‘ಮನೆ ಖರ್ಚಿಗೆ’. ಎಷ್ಟು, ಯಾರಿಗೆ, ಯಾವತ್ತು. ಅದರ ಮುಂದೆ ಕೂತವನಿಗೆ ಸುಮ್ನೆ ಬಡಾಯಿ ಕೊಚ್ಚಲು ಆಗುವುದಿಲ್ಲ.

ಒಂದು ವರ್ಷದ ಕೀರ್ದಿಯಲ್ಲಿ ‘ಮನೆ ಖರ್ಚಿಗೆ’ ಎನ್ನುವ ಸಾಲು ದಿನಾ ಬರುತ್ತಿತ್ತು, ಮೊತ್ತ ಏರುತ್ತಲೇ ಇತ್ತು. ಪಕ್ಕದಲ್ಲಿ ಮತ್ತೇನೂ ಇಲ್ಲ. ಅದು ಅವ್ವ ಆಸ್ಪತ್ರೆಯಲ್ಲಿದ್ದ ಕಾಲ. ಅಪ್ಪ ಲೆಕ್ಕದಲ್ಲಿ ‘ಆಸ್ಪತ್ರೆ’ ಎಂದು ಬರೆಯಲೇ ಇಲ್ಲ. ಯಾಕೆ ಅಂತ ಅವರನ್ನು ಕೇಳಲು ಈಗ ಆಗುವುದಿಲ್ಲ. ನಾನು ಕಾರಣ ಊಹಿಸಿ ಬರೆಯಲಿಲ್ಲ. ಆ ತಿಂಗಳ ಮೊತ್ತಗಳನ್ನು ಹಾಗೇ ಪುಸ್ತಕದಲ್ಲಿ ಇಳಿಸಿ, ಅಂಗಡಿ ಒಂದು ದಿನವೂ ಮುಚ್ಚಿರಲಿಲ್ಲ ಅನ್ನುವುದನ್ನು ಮಾತ್ರ ಬರೆದೆ. ನನ್ನ ಪುಸ್ತಕದಲ್ಲಿ ಜನ ಜಾಸ್ತಿ ಕೇಳುವುದು ಆ ಎರಡು ಪುಟದ ಬಗ್ಗೆ.

ಕೀರ್ದಿ ಇಟ್ಟುಕೊಂಡು ಬರೆದರೆ ಇನ್ನೊಂದು ಲಾಭ ಇದೆ. ದೇಶದಲ್ಲಿ ಆದದ್ದೆಲ್ಲ ಅಂಗಡಿಯ ಲೆಕ್ಕದಲ್ಲಿ ಕಾಣುತ್ತದೆ. ನಮ್ಮ ವರ್ಷ ದೀಪಾವಳಿಯಿಂದ ದೀಪಾವಳಿಗೆ. ಅಮಾವಾಸ್ಯೆ ಲಕ್ಷ್ಮೀಪೂಜೆಗೆ ಹೊಸ ಪುಸ್ತಕ ಇಟ್ಟು, ‘ಶುಭ ಲಾಭ’ ಬರೆದು, ಪಾಡ್ಯದಿಂದ ಹೊಸ ಲೆಕ್ಕ. 1989ರಿಂದ ಆದಾಯ ತೆರಿಗೆಗೆ ಎಲ್ಲರೂ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷವನ್ನೇ ಹಿಡಿಯಬೇಕು ಎಂದಾಯಿತು. ಅಪ್ಪ ತಿಂಗಳುಗಟ್ಟಲೆ ಗೊಣಗಿದರು. ಆಮೇಲೆ ಲೆಕ್ಕ ಏಪ್ರಿಲ್‌ಗೆ, ಪೂಜೆ ದೀಪಾವಳಿಗೆ ಎಂದು ರಾಜಿ ಮಾಡಿಕೊಂಡರು. ಈಗಲೂ ನಮ್ಮ ಮಗ ಪೂಜೆಗೆ ಒಂದು ಖಾಲಿ ಪುಸ್ತಕ ಇಡುತ್ತಾನೆ. ಲೆಕ್ಕ ಇರುವುದು ಕಂಪ್ಯೂಟರಿನಲ್ಲಿ. ಆ ಖಾಲಿ ಪುಸ್ತಕಗಳಲ್ಲೇ ನಾನು ಮೊದಲ ಕರಡು ಬರೆದದ್ದು.

ಜಿಎಸ್‌ಟಿ ಕಥೆಯೂ ಹಾಗೇ. ಬಟ್ಟೆಗೆ ಮಾರಾಟ ತೆರಿಗೆ ಇರಲಿಲ್ಲ. 1957ರಿಂದ ಅದರ ಬದಲಿಗೆ ಮಿಲ್ಲಿನ ಹಂತದಲ್ಲೇ ಹೆಚ್ಚುವರಿ ಅಬಕಾರಿ ಸುಂಕ ಹಾಕುತ್ತಿದ್ದರು. ಹಾಗಾಗಿ ತೆರಿಗೆ ಕಚೇರಿಗೆ ಅಲೆಯುವ ಕೆಲಸ ಜವಳಿಯವರಿಗೆ ಕಡಿಮೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ಥಾನಿನ ಬಟ್ಟೆಗೂ ಶೇ 5 ತೆರಿಗೆ, ಪ್ರತಿ ಬಿಲ್ಲಿಗೂ ಕೋಡು, ತಿಂಗಳು ತಿಂಗಳು ರಿಟರ್ನು. ಸೂರತ್ತಿನ ವ್ಯಾಪಾರಿಗಳು ವಾರಗಟ್ಟಲೆ ಬಾಗಿಲು ಹಾಕಿದ್ದರು. ಅದರ ಹಿಂದಿನ ವರ್ಷ ನವೆಂಬರ್ 8ರ ರಾತ್ರಿ ನೋಟು ರದ್ದಾಗಿತ್ತು, ಮದುವೆ ಸೀಸನ್ನಿನ ಹೊಸ್ತಿಲಲ್ಲಿ. ಆ ಎರಡು ಪೆಟ್ಟು ತಿಂದ ಮೇಲೆ ಮಗ “ನೀವು ಆರಾಮಾಗಿರಿ ಅಪ್ಪಾಜಿ, ನಾನು ನೋಡ್ಕೋತೀನಿ” ಎಂದ. ಒಂದು ಮಾತೂ ಎದುರಾಡದೆ ಎದ್ದೆ. ನನ್ನ ನಿವೃತ್ತಿ ಅಂದರೆ ಅಷ್ಟೇ.

ಇನ್ನು ಉದ್ರಿ ಪುಸ್ತಕ, ಅಂದರೆ ಸಾಲಕ್ಕೆ ಕೊಟ್ಟ ಮಾಲಿನ ಲೆಕ್ಕ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲ ಒಂದಿತ್ತು. ಹತ್ತಿ ಮಿಲ್ಲುಗಳು, ಪಾಳಿ ಬದಲಾಗುವಾಗ ಕೂಗುವ ಸೈರನ್ನು, ಸೈಕಲ್ಲುಗಳ ಸಾಲು. ಮಿಲ್ಲಿನ ಕಾರ್ಮಿಕರೇ ನಮ್ಮ ಅರ್ಧ ಗಿರಾಕಿಗಳು. ಹಬ್ಬಕ್ಕೆ ಬಟ್ಟೆ ಉದ್ರಿ ಒಯ್ಯುವುದು, ಸಂಬಳದ ದಿನ ಸಂಜೆ ಬಂದು ಅಷ್ಟಷ್ಟು ಕಟ್ಟುವುದು. ಕಾಗದ ಇಲ್ಲ, ಸಹಿ ಇಲ್ಲ. ಹೆಸರು, ಮಿಲ್ಲಿನಲ್ಲಿ ಕೆಲಸ ಮಾಡುವ ಖಾತೆ (ವಿಭಾಗ), ಮೊತ್ತ. ‘ಜಾಬರ್’, ‘ರಿಂಗ್ ಫ್ರೇಮ್’, ‘ವೈಂಡಿಂಗ್’ ಎಂದು ಹೆಸರಿನ ಮುಂದೆ ಬರೆದಿರುತ್ತಿತ್ತು. ಆಮೇಲೆ ಮಿಲ್ಲುಗಳು ಒಂದೊಂದಾಗಿ ನಿಂತವು. ಉದ್ರಿ ಪುಸ್ತಕ ನೋಡಿದರೆ ಅದು ಗೊತ್ತಾಗುತ್ತದೆ. ಮೊದಲು ಕಂತು ಸಣ್ಣದಾಗುತ್ತದೆ, ಆಮೇಲೆ ತಿಂಗಳು ಬಿಟ್ಟು ತಿಂಗಳು, ಆಮೇಲೆ ಪುಟ ಖಾಲಿ.

ಅಪ್ಪ ಆ ಬಾಕಿಗಳನ್ನು ಹೊಡೆದುಹಾಕಲಿಲ್ಲ, ವಸೂಲಿಗೂ ಯಾರನ್ನೂ ಕಳಿಸಲಿಲ್ಲ. ಪ್ರತಿ ದೀಪಾವಳಿಗೆ ಹೊಸ ಪುಸ್ತಕಕ್ಕೆ ಬಾಕಿ ಎಳೆದು ಬರೆಯುತ್ತಾ ಹೋದರು. ನನಗೆ ಅದು ಸುಮ್ಮನೆ ಶಾಯಿ ದಂಡ ಅನ್ನಿಸುತ್ತಿತ್ತು. ಆದರೆ ಅವರಲ್ಲಿ ಕೆಲವರು ಎಷ್ಟೋ ವರ್ಷ ಬಿಟ್ಟು ಮಗಳ ಮದುವೆ ಜವಳಿ ತೆಗೆಯಲು ನಮ್ಮಲ್ಲಿಗೇ ಬಂದರು. “ಸಾಹುಕಾರ್ರೆ, ಹಳೇದು ಎಷ್ಟಿದೆ ನೋಡ್ರಿ, ಅದನ್ನೂ ಸೇರಿಸ್ರಿ” ಎಂದರು. ಬಾಕಿ ಬರೆದಿಟ್ಟಿದ್ದರಿಂದ ತಕ್ಷಣ ಹೇಳಲು ಆಯಿತು. ಹಾಗೆ ಬಂದವರು ಕೆಲವರು, ಬಾರದವರು ಜಾಸ್ತಿ. ಎರಡನ್ನೂ ಬರೆದಿದ್ದೇನೆ. ಬಂದವರ ಕಥೆ ಮಾತ್ರ ಬರೆದರೆ ಓದಲು ಚೆನ್ನಾಗಿರುತ್ತದೆ, ಲೆಕ್ಕ ಮಾತ್ರ ತಾಳೆಯಾಗುವುದಿಲ್ಲ.

ಇಲ್ಲಿ ಒಂದು ತೊಡಕು ಬಂತು. ಹೆಸರು ಹಾಕಬೇಕೋ ಬೇಡವೋ? ಸಾಲ ಉಳಿಸಿದವರ ಮಕ್ಕಳು, ಮೊಮ್ಮಕ್ಕಳು ಈಗ ಊರಿನಲ್ಲಿ ಮೇಷ್ಟ್ರು, ಡಾಕ್ಟರು ಆಗಿದ್ದಾರೆ. ಅವರ ಅಜ್ಜನ ಬಾಕಿ ಹೇಳಲು ನಾನು ಯಾರು? ಒಬ್ಬರ ಹೆಸರನ್ನೂ ಹಾಕಲಿಲ್ಲ. ‘ರಿಂಗ್ ಫ್ರೇಮ್ ಖಾತೆಯವರು ಒಬ್ಬರು’ ಎಂದಷ್ಟೇ ಬರೆದೆ. ಬರೆಯಲು ಕೂತ ವ್ಯಾಪಾರಸ್ಥರಿಗೆ ನಾನು ಖಂಡಿತವಾಗಿ ಹೇಳುವ ಮಾತು ಇದು: ನಿಮ್ಮ ಬಾಕಿ ಬರೆಯಿರಿ, ಇನ್ನೊಬ್ಬರ ಬಾಕಿಗೆ ಹೆಸರು ಹಾಕಬೇಡಿ.

ಖರೀದಿಯ ಪ್ರಯಾಣಗಳ ಬಗ್ಗೆ ಬೇಗ ಮುಗಿಸಿದ್ದೇನೆ, ಅದು ತಮ್ಮನ ಅನುಭವ. ಮೀಟರ್ ಗೇಜ್ ರೈಲಿನಲ್ಲಿ ಹೋಗಿ, ಮೀರಜ್‌ನಲ್ಲಿ ಇಳಿದು ಗಾಡಿ ಬದಲಿಸಿ, ಮುಂಬೈನ ಮೂಲ್ಜಿ ಜೇಠಾ ಮಾರ್ಕೆಟ್ಟಿನಲ್ಲಿ ದಲಾಲರ ಜೊತೆ ಅಲೆಯುವುದು. ಇಚಲಕರಂಜಿ, ಈರೋಡು, ಆಮೇಲೆ ಸೂರತ್. ನಾನು ಹೋದದ್ದು ಕಡಿಮೆ. ಹೋದಾಗಲೂ ರೈಲಿನಲ್ಲಿ ಕಾದಂಬರಿ ಓದಿಕೊಂಡು ಕೂತಿರುತ್ತಿದ್ದೆ ಎಂದು ತಮ್ಮ ಈಗಲೂ ಹಂಗಿಸುತ್ತಾನೆ.

ದೇವರು, ಧರ್ಮದ ವಿಷಯ ಬರೆಯುವುದು ಎಲ್ಲಕ್ಕಿಂತ ಕಷ್ಟವಾಯಿತು. ನಾವು ಲಿಂಗಾಯತರು. ಬೆಳಿಗ್ಗೆ ಸ್ನಾನ, ವಿಭೂತಿ, ಅಂಗೈಯಲ್ಲಿ ಇಷ್ಟಲಿಂಗ. ಇದು ಬುದ್ಧಿ ಬಂದಾಗಿನಿಂದ ನಡೆದು ಬಂದಿದೆ. ಆದರೆ ‘ನನಗೆ ದೇವರಲ್ಲಿ ಅಪಾರ ನಂಬಿಕೆ’ ಎಂದು ಬರೆದರೆ ಓದುವವನಿಗೆ ಏನು ಸಿಕ್ಕಿತು? ಹಾಗಾಗಿ ನಾನೇ ಒಂದು ಕಟ್ಟು ಹಾಕಿಕೊಂಡೆ. ನಂಬಿದ್ದನ್ನು ಬರೆಯುವುದಿಲ್ಲ, ಮಾಡಿದ್ದನ್ನು ಬರೆಯುತ್ತೇನೆ.

ಬಸವಣ್ಣನವರು ಮಂಗಳವೇಡೆಯಲ್ಲಿ ಕರಣಿಕರಾಗಿ ಕೆಲಸ ಶುರು ಮಾಡಿದವರು. ಲೆಕ್ಕ ಬರೆದು ಬರೆದು ಬಿಜ್ಜಳನ ಭಂಡಾರಿಯಾದವರು. ಜೇಡರ ದಾಸಿಮಯ್ಯ ನೇಕಾರ. ಲೆಕ್ಕ ಬರೆಯುವವನಿಗೂ ಬಟ್ಟೆ ಮಾರುವವನಿಗೂ ಇದಕ್ಕಿಂತ ಹತ್ತಿರದವರು ಇನ್ಯಾರು? ಆದರೆ ನನ್ನನ್ನು ನಿಜವಾಗಿ ಕಾಡಿದ್ದು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ದಿನಾ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ವಾಪಸು ಸುರಿದು ಬಾ ಎಂದಳು. ನಮ್ಮ ಪೇಟೆಯ ಅಂಗಡಿಗಳ ಗೋಡೆಯ ಮೇಲೆ ‘ಕಾಯಕವೇ ಕೈಲಾಸ’ ಎನ್ನುವ ಬೋರ್ಡು ಎಲ್ಲೆಲ್ಲೂ ಕಾಣುತ್ತದೆ, ನಮ್ಮಲ್ಲೂ ಇದೆ. ಲಕ್ಕಮ್ಮನ ಮಾತನ್ನು ಹಾಕಿದ ಅಂಗಡಿ ನಾನು ನೋಡಿಲ್ಲ. ಅದನ್ನು ಹಾಕಿ ಲಾಭ ಇಡುವುದು ಹೇಗೆ, ಅಲ್ವಾ?

ಅದಕ್ಕೆ ಆ ಅಧ್ಯಾಯದಲ್ಲಿ ನಾವು ಎಷ್ಟು ಲಾಭ ಇಡುತ್ತಿದ್ದೆವು ಅನ್ನುವುದನ್ನೇ ಬರೆದೆ. ಲಾಂಗ್‌ಕ್ಲಾತ್, ಪಂಚೆ, ಟವೆಲ್ಲಿನಲ್ಲಿ ರೂಪಾಯಿಗೆ ಒಂದಾಣೆ ಸಿಕ್ಕರೆ ಹೆಚ್ಚು. ಎಲ್ಲ ಅಂಗಡಿಯಲ್ಲೂ ಅದೇ ಮಾಲು, ರೇಟು ಎಲ್ಲರಿಗೂ ಗೊತ್ತು. ರೇಷ್ಮೆ ಸೀರೆಯಲ್ಲಿ ನಾಲ್ಕಾಣೆಯವರೆಗೂ ಇತ್ತು. ಬಡವರ ಬಟ್ಟೆಯಲ್ಲಿ ಕಡಿಮೆ ಇಟ್ಟಿದ್ದು ಧರ್ಮಕ್ಕಲ್ಲ, ಜಾಸ್ತಿ ಇಟ್ಟರೆ ಗಿರಾಕಿ ಪಕ್ಕದಂಗಡಿಗೆ ಹೋಗುತ್ತಿದ್ದ. ಅದನ್ನೂ ಬರೆದೆ. ‘ದೇವರ ಖರ್ಚು’ ಎಂದು ತೆಗೆದಿಟ್ಟ ಹಣ ಎಲ್ಲೆಲ್ಲಿಗೆ ಹೋಯಿತು ಎನ್ನುವುದನ್ನೂ ಕೀರ್ದಿ ನೋಡಿ ಪಟ್ಟಿ ಮಾಡಿದೆ. ದುಗ್ಗಮ್ಮನ ಜಾತ್ರೆ, ದಾಸೋಹ, ಹುಡುಗರ ಫೀಸು, ಒಂದು ಸಲ ಮಿಲ್ಲಿನ ಗೇಟಿನ ಮುಂದೆ ಗಂಜಿ. ಭಕ್ತಿಯ ಮಾತು ಅಷ್ಟರಲ್ಲೇ ಬಂತು.

ಆ ಅಧ್ಯಾಯ ಓದಿ ತಮ್ಮ ಫೋನ್ ಮಾಡಿದ. “ಅಣ್ಣಾ, ಲಾಭದ ರೇಟು ಯಾರಾದ್ರೂ ಪುಸ್ತಕದಾಗೆ ಹಾಕ್ತಾರಾ? ನಾಳೆ ಗಿರಾಕಿ ಬಂದು ಕೇಳಲ್ವಾ?” ಹಳೇ ಕಾಲದ್ದು ಬಿಡೋ ಅಂದೆ. ಅವನು ಒಪ್ಪಲಿಲ್ಲ, ಈಗಲೂ ಒಪ್ಪಿಲ್ಲ. ನಾನು ತೆಗೆಯಲೂ ಇಲ್ಲ.

ತಮ್ಮನ ಜೊತೆ ಇದಕ್ಕಿಂತ ದೊಡ್ಡ ವಿಷಯ ಒಂದಿತ್ತು. ಅಪ್ಪ ಹೋದ ಮೇಲೆ ನಾವಿಬ್ಬರೂ ಪಾಲಾದೆವು. ಮಾಲನ್ನು ಕೊಂಡ ಬೆಲೆಗೆ ಹಿಡಿಯಬೇಕೋ ಪೇಟೆ ಬೆಲೆಗೋ, ಉದ್ರಿ ಯಾರ ಪಾಲಿಗೆ, ಅಂಗಡಿಯ ಹೆಸರು ಯಾರಿಗೆ. ಹಿರಿಯರು ಕೂತು ಬಗೆಹರಿಸಿದರು. ಆಮೇಲೆ ಒಂದಷ್ಟು ವರ್ಷ ಹಬ್ಬಕ್ಕೆ ಹೋಗಿಬರುವುದು ಬಿಟ್ಟರೆ ಮಾತು ಕಡಿಮೆಯಿತ್ತು. ಇದನ್ನು ಬಿಟ್ಟು ಬರೆದರೆ ಪುಸ್ತಕ ಸುಳ್ಳಾಗುತ್ತದೆ, ನಾನೊಬ್ಬನೇ ಬರೆದರೆ ಅನ್ಯಾಯವಾಗುತ್ತದೆ. ಅದಕ್ಕೆ ಆ ಭಾಗವನ್ನು ಅಗಲ ಅಂಚು ಬಿಟ್ಟು ಪ್ರಿಂಟು ತೆಗೆದು ಅವನಿಗೆ ಕೊಟ್ಟೆ. ಪೆನ್ಸಿಲ್ಲಿನಲ್ಲಿ ಏನು ಬೇಕಾದರೂ ಬರಿ ಅಂದೆ. ಎರಡು ತಿಂಗಳು ಸುದ್ದಿಯೇ ಇಲ್ಲ. ಆಮೇಲೆ ವಾಪಸು ಬಂತು, ಅಂಚು ತುಂಬಿ ಹಿಂದಿನ ಪುಟಕ್ಕೂ ಹರಿದಿತ್ತು. ಉದ್ರಿ ಪುಸ್ತಕ ನನ್ನ ಪಾಲಿಗೆ ಬಂದದ್ದು ನಷ್ಟ ಎಂದು ನಾನು ಬರೆದಿದ್ದೆ. ಊರಿನ ಗಿರಾಕಿಯೆಲ್ಲ ಆ ಪುಸ್ತಕದ ಜೊತೆಗೇ ಅಣ್ಣನಿಗೆ ಹೋಯಿತು ಎಂದು ಅವನು ಬರೆದಿದ್ದ. ನಾನು ಯಾವತ್ತೂ ಆ ಕಡೆಯಿಂದ ನೋಡಿರಲಿಲ್ಲ. ಅವನು ಬರೆದದ್ದನ್ನು ಅವನ ಮಾತಿನಲ್ಲೇ, ಅವನ ಹೆಸರಿನಲ್ಲೇ, ನನ್ನ ಅಧ್ಯಾಯದ ಪಕ್ಕದಲ್ಲಿ ಅಚ್ಚು ಹಾಕಿದೆ. ತಿದ್ದಿದ್ದು ಕಾಗುಣಿತ ಮಾತ್ರ. ಮನೆಯ ಜಗಳ ಬರೆಯಬೇಕಾದವರಿಗೆ ನನಗೆ ತಿಳಿದ ಒಳ್ಳೆಯ ದಾರಿ ಇದೊಂದೇ.

ಮನೆಯವರದು ಬೇರೆಯೇ ತಕರಾರು. ಕರಡು ಓದಿ “ರೀ, ಇದರಲ್ಲಿ ನಾನು ಮೂರು ಕಡೆ ಬರ್ತೀನಿ, ಮೂರು ಕಡೆನೂ ಚಹಾ ತರ್ತೀನಿ” ಎಂದಳು. ನಿಜ. ಕೀರ್ದಿಯಲ್ಲಿ ಅವಳು ‘ಮನೆ ಖರ್ಚಿಗೆ’ ಮಾತ್ರ. ಅವಳ ಲೆಕ್ಕ ಎಲ್ಲಿದೆ ಎಂದು ಕೇಳಿದರೆ ಟ್ರಂಕಿನಿಂದ ಹಳೇ ಕ್ಯಾಲೆಂಡರುಗಳ ಸುರುಳಿ ತೆಗೆದಳು. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಯಾರು ಊಟಕ್ಕೆ ಬಂದರು, ಮಕ್ಕಳ ಜ್ವರ, ಚೀಟಿ ಹಣ ಕಟ್ಟಿದ್ದು. ಒಂದು ಚೌಕದಲ್ಲಿ ಇಷ್ಟೆಲ್ಲ. ಮಿಲ್ಲುಗಳು ನಿಂತು ಅಂಗಡಿಗೆ ಪೆಟ್ಟು ಬಿದ್ದ ವರ್ಷ ಹಾಲು ಎರಡು ಲೀಟರಿನಿಂದ ಒಂದಕ್ಕೆ ಇಳಿದದ್ದು ಅಲ್ಲಿ ಕಾಣುತ್ತಿತ್ತು. ನನಗೆ ಅದು ಗೊತ್ತೇ ಇರಲಿಲ್ಲ, ನನ್ನ ಲೋಟಕ್ಕೆ ಅಷ್ಟೇ ಚಹಾ ಬರುತ್ತಿತ್ತು. ಆಮೇಲೆ ಇಬ್ಬರೂ ಕೂತು ಕೀರ್ದಿಯನ್ನೂ ಕ್ಯಾಲೆಂಡರನ್ನೂ ಪಕ್ಕಪಕ್ಕ ಇಟ್ಟುಕೊಂಡು ಮತ್ತೆ ಬರೆದೆವು. ಅವಳು ಹೇಳಿದ್ದು, ನಾನು ಬರೆದದ್ದು. ಅವಳ ವಾಕ್ಯಗಳು ನನ್ನವಕ್ಕಿಂತ ಚಿಕ್ಕವು, ಚೆನ್ನಾಗಿಯೂ ಇವೆ.

ಅಚ್ಚಿನ ವಿಷಯ ಸ್ವಲ್ಪ. ನಾನು ಬರೆಯುವುದು ಕೈಯಲ್ಲೇ. ಮೊಮ್ಮಗಳು ಮೊಬೈಲಿನಲ್ಲಿ ಮಾತಾಡಿದರೆ ತಾನೇ ಟೈಪ್ ಆಗುವುದನ್ನು ತೋರಿಸಿಕೊಟ್ಟಳು. ಸಾಧಾರಣ ಮಾತಿಗೆ ಪರವಾಗಿಲ್ಲ, ‘ಶಿಲ್ಕು’ ಎಂದಾಗಲೆಲ್ಲ ‘ಸಿಲ್ಕ್’ ಎಂದು ಬರೆಯಿತು. ಜವಳಿ ಅಂಗಡಿಯವನು ಅಂತ ಅದಕ್ಕೆ ಹೇಗೆ ಗೊತ್ತಾಯಿತೋ! ಡಿಟಿಪಿಯವರು ಹಳೇ ನುಡಿ ಫಾಂಟಿನಲ್ಲಿ ಮಾಡಿಕೊಡುತ್ತಾರೆ, ಅಚ್ಚಿಗೆ ಅದು ಸಾಕು. ಆದರೆ ಯುನಿಕೋಡ್ ಪ್ರತಿಯನ್ನೂ ಕೇಳಿ ತೆಗೆದುಕೊಳ್ಳಿ. ಬದಲಿಸುವಾಗ ಒತ್ತಕ್ಷರ, ಅರ್ಕಾವೊತ್ತು ಅಲ್ಲಲ್ಲಿ ಕೆಡುತ್ತವೆ, ಕೂತು ಒಂದು ಸಲ ಓದಬೇಕು. ಅಚ್ಚಿನ ಲೆಕ್ಕ ಫಾರಂ ಮೇಲೆ, ಒಂದು ಫಾರಂಗೆ ಹದಿನಾರು ಪುಟ. ಹಾಗಾಗಿ ಪುಟಗಳು ಹದಿನಾರರ ಲೆಕ್ಕಕ್ಕೆ ಬಂದು ನಿಲ್ಲುವ ಹಾಗೆ ನೋಡಿಕೊಂಡರೆ ದುಡ್ಡು ಉಳಿಯುತ್ತದೆ. ಪುಸ್ತಕದ ಗುರುತಿಗೆ ಹಾಕುವ ಐಎಸ್‌ಬಿಎನ್ ನಂಬರಿಗೆ ನಮ್ಮ ದೇಶದಲ್ಲಿ ಸರ್ಕಾರ ಹಣ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಚೊಚ್ಚಲ ಕೃತಿಗೆ ಸಹಾಯಧನ ಇದೆ ಎಂದು ಕೇಳಿ ಖುಷಿಪಟ್ಟೆ. ನನ್ನದೂ ಚೊಚ್ಚಲವೇ. ಆದರೆ ಅದು ಯುವ ಬರಹಗಾರರಿಗೆ.

ಸಮಾರಂಭ ಮಾಡಲಿಲ್ಲ. ಮಗನಿಗೆ ಬೇಜಾರಾಯಿತು, ಅವನಿಗೆ ಶಾಲು ಹಾರ ಎಲ್ಲ ಬೇಕಿತ್ತು. ಪುಸ್ತಕಗಳನ್ನು ಅಂಗಡಿಯಲ್ಲೇ ಇಟ್ಟೆವು. ಮಿಲ್ಲಿನ ಮನೆಗಳವರು ಬಂದು ಒಯ್ದರು. ಕೆಲವರು ನಿಂತಲ್ಲೇ ತಿರುವಿ ‘ಇದು ನಮ್ಮಪ್ಪನ ವಿಷಯ ಅಲ್ವಾ?’ ಎಂದು ಕೇಳಿದರು. ಹೌದು ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ.

ಈಗ ಟೈಲರುಗಳ ಬಗ್ಗೆ ಬರೆಯುತ್ತಿದ್ದೇನೆ. ರೆಡಿಮೇಡ್ ಬರುವ ಮೊದಲು ನಮ್ಮ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಸಾಲಾಗಿ ಹೊಲಿಗೆ ಯಂತ್ರ ಇರುತ್ತಿದ್ದವು. ಅಲ್ಲಿ ಕೂರುತ್ತಿದ್ದ ಇಬ್ಬರು ಮಾತಾಡಲು ಒಪ್ಪಿದ್ದಾರೆ. ಒಬ್ಬರದು ಒಂದೇ ಷರತ್ತು, ಮದುವೆ ಸೀಸನ್ನಿನಲ್ಲಿ ಬಟ್ಟೆ ತಡವಾಗುತ್ತಿದ್ದ ವಿಷಯ ಮಾತ್ರ ಬರೆಯಬಾರದಂತೆ. ನನಗೆ ಅದನ್ನೇ ಮೊದಲು ಬರೆಯಬೇಕು ಅನ್ನಿಸಿದೆ. ಪ್ರಿಂಟು ತೆಗೆದು, ಅಗಲ ಅಂಚು ಬಿಟ್ಟು, ಅವರಿಗೂ ಒಂದು ಪೆನ್ಸಿಲ್ ಕೊಡುತ್ತೇನೆ.